ಸ್ವಿಚ್ಚು ಒತ್ತುವ ಮೊದಲು

ಚಳಿಗಾಲ ಮುಗಿಯುತ್ತ ಬಂದಿತ್ತು. ಒಣಗಿದ ಮೆಕ್ಕೆಜೋಳದ ದಂಟಿನ ಕಟ್ಟುಗಳು ಕೊಟ್ಟಿಗೆಯ ಗೋಡೆಗೆ ಒರಗಿದ್ದವು. ಬೆಳಗಿನಿಂದ ಅತ್ತಿಗೆ, ನಾದಿನಿ ಇಬ್ಬರೂ ಮೇವು ಕತ್ತರಿಸುವ ಮಿಷನ್ನಿನ ಮುಂದೆಯೇ ಇದ್ದರು. ದಂಟು ಕೊಡುವವಳು ನಾದಿನಿ, ಸ್ವಿಚ್ಚಿನ ಹತ್ತಿರ ಅತ್ತಿಗೆ. ಸಿಕ್ಕಿಕೊಂಡರೆ ನಿಲ್ಲಿಸಿ, ಎಳೆದು ತೆಗೆದು, ಮತ್ತೆ ಶುರು.

"ಕೈ?" ಅತ್ತಿಗೆ ಕೇಳುವಳು.

"ಆಚೆ."

ಅತ್ತಿಗೆ ನಿಧಾನಕ್ಕೆ ಮೂರು ಉಸಿರು ಬಿಟ್ಟು, ಬಗ್ಗಿ ನೋಡಿ, ಒತ್ತುವಳು. ಮೊಬೈಲನ್ನು ಕೊಟ್ಟಿಗೆಗೆ ತರುತ್ತಿರಲಿಲ್ಲ.

"ನೀವು ಮೂರು ಉಸಿರು ಬಿಡೋ ಹೊತ್ತಿಗೆ ಎಮ್ಮೆಗೆ ಮುಪ್ಪು ಬಂದಿರುತ್ತೆ" ಎಂದು ನಾದಿನಿ ನಕ್ಕಳು.

ಎರಡು ವರ್ಷದ ಅಭ್ಯಾಸ ಅದು. ಅತ್ತಿಗೆಯ ಗಂಡನ ಎರಡು ಬೆರಳು ಇದೇ ಮಿಷನ್ನಿಗೆ ಸಿಕ್ಕಿ ಹೋದ ದಿನ ಅವಳ ಮನಸ್ಸು ತವರಿನ ಫೋನಿನ ಮಾತಿನಲ್ಲಿತ್ತು, ನೋಡದೆ ಒತ್ತಿಬಿಟ್ಟಿದ್ದಳು. "ನಾನೇ ಒತ್ತಿಕೊಂಡೆ" ಎಂದು ಅವನು ಎಲ್ಲರೆದುರು ಹೇಳಿದ. ಅವಳು ಬಾಯಿ ಬಿಡಲಿಲ್ಲ.

ಮತ್ತೆ ದಂಟು ಸಿಕ್ಕಿಕೊಂಡಿತು.

"ಕೈ?"

"ಆಚೆ."

ಅತ್ತಿಗೆ ಉಸಿರು ಬಿಟ್ಟು ಬಗ್ಗಿದಳು. ನಾದಿನಿಯ ಕೈ ಮಣಿಕಟ್ಟಿನವರೆಗೂ ದಂಟನ್ನು ಒಳಗೆಳೆಯುವ ರೋಲರುಗಳ ನಡುವೆಯೇ ಇತ್ತು.

ಅತ್ತಿಗೆ ಸ್ವಿಚ್ಚು ಬಿಟ್ಟು ವೈರನ್ನೇ ಕಿತ್ತಳು. "ತೆಗಿಯೇ ಕೈ!"

ನಾದಿನಿ ಕೈ ಎಳೆದುಕೊಂಡು, ಅದು ಇನ್ಯಾರದೋ ಎಂಬಂತೆ ನೋಡಿದಳು.

"ಬಾಯಿ ತನ್ನಷ್ಟಕ್ಕೇ 'ಆಚೆ' ಅಂದುಬಿಡ್ತು ಅತ್ತಿಗೆ... ಅಮ್ಮ ಹೇಳೋದು ಸರಿ. ಅಣ್ಣ ಗಮನಗೇಡಿ, ನಾನು ಅವನಿಗೆ ತಕ್ಕ ತಂಗಿ."

ಅತ್ತಿಗೆ ಕಿತ್ತ ವೈರನ್ನು ಗೋಡೆಯ ಮೊಳೆಗೆ ಸಿಕ್ಕಿಸಿದಳು.

"ಅವರು ಗಮನಗೇಡಿ ಅಲ್ಲ ಕಣೇ. ಆವತ್ತು ಒತ್ತಿದ್ದು ನಾನು."

ನಾದಿನಿ ತಲೆಯೆತ್ತಿದಳು.

"ಅಮ್ಮನಿಗೆ ಗೊತ್ತಾ?"

"ಇಲ್ಲ."

"ಅವನು ಅಂಗಿ ಗುಂಡಿ ಹಾಕೋಕೆ ಒದ್ದಾಡಿದಾಗಲೆಲ್ಲ ಅಮ್ಮ ಬೈತಾಳೆ. ನೀವು ಪಕ್ಕದಲ್ಲೇ ನಿಂತು ಕೇಳ್ತೀರ." ನಾದಿನಿ ಮುಖ ತಿರುಗಿಸಿದಳು. "ನಾನಂತೂ ಹೇಳಲ್ಲ. ನೀವೇ ಹೋಗಿ."

ಅಂಗಳ ದಾಟುವಾಗ ಅತ್ತಿಗೆಗೆ ಎರಡು ಸಲ ತಿರುಗಿ ಹೋಗೋಣ ಎನ್ನಿಸಿತು. ಅಡುಗೆಮನೆಯಲ್ಲಿ ಅತ್ತೆ ಕಾಳು ಆರಿಸುತ್ತಿದ್ದರು.

"ಏನಮ್ಮ, ಇಷ್ಟು ಬೇಗ ಮುಗೀತಾ?"

ಹೊಸ್ತಿಲಲ್ಲೇ ನಿಂತು, ಚೌಕಟ್ಟನ್ನು ಗಟ್ಟಿಯಾಗಿ ಹಿಡಿದು ಅವಳು ಹೇಳಿದಳು: "ಅತ್ತೆ, ಇನ್ನು ಮೇಲೆ ಅವರನ್ನ ಬೈಬೇಡಿ. ಬೈಯೋದಿದ್ರೆ ನನ್ನನ್ನ ಬೈಯಿರಿ."