ಆನೆ ಗ್ರೂಪಿನ ಹೆಬ್ಬೆರಳು

ಕಡಬದಿಂದ ಒಳಗೆ, ಕಾಡಿನಂಚಿನ ಆ ಊರಿನಲ್ಲಿ ಎಲ್ಲರೂ ಒಟ್ಟಿಗೆ ಇದ್ದದ್ದು ಒಂದೇ ಕಡೆ, ವಾಟ್ಸಾಪಿನ ಆನೆ ಗ್ರೂಪಿನಲ್ಲಿ. ಅಲ್ಲಿಯ ಗೌಡರು, ಕೇರಳದಿಂದ ಬಂದ ಕ್ರಿಶ್ಚಿಯನ್ನರು, ಬ್ಯಾರಿ ಮುಸ್ಲಿಮರು ಬೇರೆಲ್ಲೂ ಜೊತೆಯಾಗಿ ಕೂತವರಲ್ಲ. ಆನೆ ಯಾರ ತೋಟವನ್ನೂ ಬಿಡದ ಕಾರಣ ಒಂದಾಗಬೇಕಾಯಿತು.

ಗ್ರೂಪಿಗೆ ಒಂದೇ ನಿಯಮ. ಗರ್ನಾಲ್ ಪಟಾಕಿಯ ಸದ್ದಿಗೆ ಬೆದರಿದ ಆನೆ ಬಂದ ದಾರಿಯಲ್ಲೇ ಕಾಡಿಗೆ ಓಡುತ್ತದೆ, ಆ ದಾರಿಯಲ್ಲಿ ಜನ ಇರಬಾರದು. ಆದ್ದರಿಂದ ಆನೆ ಬಂದಾಗ ಮನೆಯೊಳಗಿದ್ದವರು ಹೆಬ್ಬೆರಳಿನ ಚಿತ್ರ ಹಾಕಬೇಕು. ಎಲ್ಲರದೂ ಬಂದ ಮೇಲೆಯೇ ಗರ್ನಾಲಿಗೆ ಬೆಂಕಿ. ಬೆರಳು ನೋಡಿಕೊಳ್ಳುವ ಕೆಲಸ ಅಡ್ಮಿನ್ ಕುಕ್ಕಪ್ಪ ಗೌಡರದು. ಅಡ್ಮಿನ್ ಆದ ಮೇಲೆ ಗೌಡರ ಕೆಮ್ಮೂ ಸ್ವಲ್ಪ ದಪ್ಪವಾಗಿತ್ತು.

ಗೌಡರ ಬಾಳೆತೋಟಕ್ಕೂ ಕಾಡಿಗೂ ನಡುವೆ ಇದ್ದದ್ದು ಲೂಕೋಸರ ರಬ್ಬರು ತೋಟ. ಲೂಕೋಸರು ದಿನಾ ಬೆಳಿಗ್ಗೆ ಗ್ರೂಪಿಗೆ ಒಂದು ಗುಲಾಬಿ, ಅದರ ಕೆಳಗೆ ಬೈಬಲಿನ ಒಂದು ಮಾತು ಹಾಕುತ್ತಿದ್ದರು. ಗೌಡರು ಒಂದು ದಿನ ಬರೆದರು: "ಇದು ಆನೆ ಗ್ರೂಪು. ಬೇರೆ ಎಂತದೂ ಹಾಕ್ಬಾರ್ದು."

"ನಿಮ್ಮ ಮೊಮ್ಮಗಳ ಬರ್ತ್‌ಡೇ ಕೇಕ್ ಹಾಕಿದ್ದು ಯಾವ ಆನೆಗೆ ಗೌಡ್ರೆ?" ಎಂದು ಲೂಕೋಸರು ಕೇಳಿದರು.

ಬ್ಯಾರಿಗಳ ಸಾಹುಲ್ ಹಮೀದ್ ನಗುವ ಮುಖ ಹಾಕಿದ. ಅಲ್ಲಿಗೆ ಗೌಡರ ಪಿತ್ತ ನೆತ್ತಿಗೇರಿತು. ಲೂಕೋಸರನ್ನು ಗ್ರೂಪಿನಿಂದ ತೆಗೆದೇಬಿಟ್ಟರು. ಎಲ್ಲರೂ ನೋಡಿದರು, ಯಾರೂ ತುಟಿ ಬಿಚ್ಚಲಿಲ್ಲ. ನಾಳೆ ತಮ್ಮನ್ನೂ ತೆಗೆದರೆ ಎಂಬ ಹೆದರಿಕೆ. ಇಂಥ ವಿಷಯದಲ್ಲಿ ನಮ್ಮ ಜನ ಬಹಳ ಬುದ್ಧಿವಂತರು.

ಕೆಲವು ದಿನ ಕಳೆದು, ಬೆಳಕು ಹರಿಯುವ ಮೊದಲು ಆನೆ ಗೌಡರ ತೋಟಕ್ಕೆ ನುಗ್ಗಿತು. ನೇಂದ್ರ ಬಾಳೆಗೊನೆಗಳು ಕಡಿಯಲು ತಯಾರಾಗಿದ್ದವು. ಆನೆ ಬಂದಿದೆ ಎಂದು ಗೌಡರು ಗ್ರೂಪಿಗೆ ಹಾಕಿದರು. ಬೆರಳುಗಳು ಒಂದೊಂದಾಗಿ ಬಂದವು.

"ಎಲ್ಲರದ್ದೂ ಬಂತಲ್ಲ, ಬಿಡಿ ಒಮ್ಮೆ," ಎಂದರು ಹೆಂಡತಿ ಪ್ರೇಮಾವತಿ.

ಗೌಡರು ಕಡ್ಡಿ ಗೀರಿದರು. ಗೀರಿದವರಿಗೆ ಏನೋ ಕಡಿಮೆ ಎನಿಸಿತು. ಯಾವಾಗಲೂ ಕೊನೆಗೆ ಬಂದು ಕಾಯಿಸುವ ಬೆರಳು ಒಂದಿತ್ತು, ಲೂಕೋಸರದು. ಅದು ಬಂದಿರಲಿಲ್ಲ. ಬರುವುದೂ ಸಾಧ್ಯವಿರಲಿಲ್ಲ.

ತಲೆಯೆತ್ತಿ ನೋಡಿದರೆ ಆಚೆಯ ರಬ್ಬರಿನಲ್ಲಿ, ಮರ ಗೀರಿ ಹಾಲು ತೆಗೆಯುವ ಟ್ಯಾಪಿಂಗಿನವರ ತಲೆಯ ಲೈಟೊಂದು ಮರದಿಂದ ಮರಕ್ಕೆ ಹೋಗುತ್ತಿತ್ತು. ಗೌಡರು ಕಡ್ಡಿ ಊದಿ ಆರಿಸಿದರು. ಲೂಕೋಸರಿಗೆ ಫೋನ್ ಮಾಡಿದರು, ರಿಂಗಾಗಿ ರಿಂಗಾಗಿ ನಿಂತಿತು. ಟ್ಯಾಪಿಂಗಿಗೆ ಇಳಿದರೆ ಲೂಕೋಸರು ಫೋನನ್ನು ಮನೆಯಲ್ಲೇ ಇಡುವವರು. ಕೂಗಿದರೆ ಆನೆ ಬೆದರಿ ಅತ್ತಲೇ ಓಡುತ್ತದೆ.

"ಯಾರೂ ಗರ್ನಾಲ್ ಬಿಡ್ಬೇಡಿ," ಎಂದು ಗೌಡರು ಗ್ರೂಪಿಗೆ ಹಾಕಿದರು.

"ಬಾಳೆ ಹೋಗ್ತದಲ್ಲ?" ಎಂದರು ಪ್ರೇಮಾವತಿ.

"ಹೋಗ್ಲಿ."

ಇಬ್ಬರೂ ಜಗಲಿಯಲ್ಲಿ ಕೂತು ಬಾಳೆ ಮುರಿಯುವುದನ್ನು ಕೇಳಿದರು. ಗೌಡರಿಗೆ ತಮ್ಮ ಮೇಲೆಯೇ ನಾಚಿಕೆಯಾಯಿತು. ಬೆಳಕಾದ ಮೇಲೆ, ತಿಂದು ಮುಗಿಸಿದ ಆನೆ ಹೊಳೆಯ ಬದಿಯಿಂದ ನಿಧಾನಕ್ಕೆ ಹೋಯಿತು.

ವಿಷಯ ತಿಳಿದ ಲೂಕೋಸರು ರಬ್ಬರು ಹಾಲಿನ ಬಕೆಟ್ ಹಿಡಿದೇ ಬಂದರು.

"ಒಂದನ್ನೂ ಬಿಡ್ಲಿಲ್ಲ ಅಲ್ಲ ಮಾರಾಯ್ರೆ. ಗರ್ನಾಲ್ ಎಂತಕ್ಕೆ ಬಿಡ್ಲಿಲ್ಲ?"

ಗೌಡರು ಬಿದ್ದ ಗೊನೆಯನ್ನೇ ನೋಡುತ್ತ ಹೇಳಿದರು, "ನಿಮ್ಮ ಬೆರಳು ಬರ್ಲಿಲ್ಲ."

"ನಾನು ಗ್ರೂಪಲ್ಲೇ ಇಲ್ಲ ಅಲ್ವಾ?"

"ಹೌದು. ನಾನೇ ತೆಗೆದದ್ದು."

ಲೂಕೋಸರು ತಮ್ಮ ರಬ್ಬರಿನ ಕಡೆ ಒಮ್ಮೆ ನೋಡಿದರು, ಗೌಡರ ಮುಖವನ್ನು ಒಮ್ಮೆ ನೋಡಿದರು. ಆಮೇಲೆ ಬಕೆಟ್ ಕೆಳಗಿಟ್ಟು, ದಾರಿಗೆ ಅಡ್ಡ ಬಿದ್ದ ಬಾಳೆಯ ಒಂದು ತುದಿ ಹಿಡಿದರು. ಇನ್ನೊಂದು ತುದಿಯನ್ನು ಗೌಡರು ಹಿಡಿದರು.

ಮರುದಿನ ಬೆಳಿಗ್ಗೆ ಆನೆ ಗ್ರೂಪಿನಲ್ಲಿ ಗುಲಾಬಿಯೂ ಬೈಬಲಿನ ಮಾತೂ ಬಂದವು. ಅದರ ಕೆಳಗೆ ಮೊದಲು ಬಿದ್ದ ಹೆಬ್ಬೆರಳು ಅಡ್ಮಿನ್‌ದು.