ಬಾಯಿಬಿಡದ ಮೇಷ್ಟ್ರು

ತೀರಿಕೊಂಡ ಅಪ್ಪನಿಗೆ ತೊಡಿಸಿದ ಅಂಗಿಯ ಕೊರಳ ಗುಂಡಿ ಹಾಕಿದ ಮೇಲೂ ಎರಡು ಬೆರಳು ಸಲೀಸಾಗಿ ಒಳಗೆ ಹೋದವು. ಮಗಳು ಗುಂಡಿ ಬಿಚ್ಚಿ, ಬಟ್ಟೆಯನ್ನು ಹಿಂದಕ್ಕೆ ಮಡಿಸಿ, ಪಿನ್ನು ಚುಚ್ಚಿ, ಮತ್ತೆ ಹಾಕಿದಳು. ವಿಶ್ವವಿದ್ಯಾಲಯಕ್ಕೆ ಹೋಗುವಾಗ ಅಪ್ಪ ತೊಡುತ್ತಿದ್ದ ಕಂದು ಕೋಟು ಈಗ ಯಾರಿಂದಲೋ ಎರವಲು ತಂದಂತೆ ಕಾಣುತ್ತಿತ್ತು.

"ಎಷ್ಟು ಇಳಿದುಹೋಗಿದಾನೆ ನನ್ನ ತಮ್ಮ," ಎಂದಳು ತಲೆದೆಸೆಯಲ್ಲಿ ನಿಂತಿದ್ದ ಸೋದರತ್ತೆ. "ಮನೇಲೇ ಡಾಕ್ಟರು ಇದ್ದೂ ಹೀಗಾಯ್ತಲ್ಲ."

ಅತ್ತೆಯ ಮಾತಿನಲ್ಲಿ ಕೊಂಕಿರಲಿಲ್ಲ, ಬರೀ ಸಂಕಟವಿತ್ತು. ಕೊಂಕಿದ್ದಿದ್ದರೆ ಮಗಳಿಗೆ ಹಗುರವಾಗುತ್ತಿತ್ತು. ತಿರುಗಿ ಒಂದು ಮಾತಾಡಬಹುದಿತ್ತು. ಅವಳು ಕೋಟಿನ ಮೇಲಿಲ್ಲದ ಧೂಳನ್ನು ಕೊಡವಿದಳು.

*

ಅಪ್ಪ ಪಾಠ ಮಾಡುತ್ತಿದ್ದುದು ಆರೋಗ್ಯದ ಸಮಾಜಶಾಸ್ತ್ರ. ಹಾಗೆಂದರೇನು ಎಂದು ಯಾರಾದರೂ ಕೇಳಿದರೆ, "ಮೈ ಕೆಟ್ಟಾಗ ಮನುಷ್ಯ ಮೊದಲು ಯಾರ ಹತ್ರ ಹೇಳ್ಕೋತಾನೆ, ಅವರು ಕಿವಿ ಕೊಡ್ತಾರೋ ಇಲ್ವೋ, ಅಷ್ಟೇ ನನ್ನ ವಿದ್ಯೆ" ಎನ್ನುತ್ತಿದ್ದರು. ಆಸ್ಪತ್ರೆಯ ಮೊಗಸಾಲೆಯಲ್ಲಿ, ಸರದಿಗಾಗಿ ಕಾಯುವವರ ಪಕ್ಕ ಬೆಂಚಿನ ಮೇಲೆ ಕೂತು, ಅವರ ಕತೆ ಕೇಳುವುದರಲ್ಲೇ ಅಪ್ಪನ ತಲೆ ನರೆಯಿತು. ಡಾಕ್ಟರುಗಳು ಅವರಿಗೆ 'ಬೆಂಚು ಮೇಷ್ಟ್ರು' ಎಂದು ಹೆಸರಿಟ್ಟಿದ್ದರು. ಆ ಹೆಸರನ್ನು ಮನೆಗೆ ಹೊತ್ತು ತಂದವಳು ಆಗ ವೈದ್ಯಕೀಯ ಓದುತ್ತಿದ್ದ ಮಗಳೇ. ಒಮ್ಮೆ ಗೆಳತಿಯರನ್ನು ಊಟಕ್ಕೆ ಕರೆದಾಗ, "ಅಪ್ಪಾ, ನಿಮ್ಮ ಪುಸ್ತಕ ಓದಿ ಯಾರಿಗಾದ್ರೂ ಜ್ವರ ಇಳಿದಿದ್ಯಾ?" ಎಂದು ಕೇಳಿದ್ದಳು. ಎಲ್ಲರಿಗಿಂತ ಜೋರಾಗಿ ನಕ್ಕವರು ಅಪ್ಪ. ಆಮೇಲೆ ನೀರಿನ ಲೋಟ ಎತ್ತಿಕೊಂಡು ಬಹಳ ಹೊತ್ತು ಕುಡಿದರು.

ಹೋದ ವರ್ಷ ಅವರು ಫೋನು ಮಾಡಿದಾಗ ಅವಳ ಕೋಣೆಯ ಹೊರಗೆ ರೋಗಿಗಳು ಗಿಜಿಗುಡುತ್ತಿದ್ದರು.

"ಏನಿಲ್ಲಮ್ಮ, ಮೊನ್ನೆ ನಿಮ್ಮಮ್ಮ ಬ್ರೆಡ್ ಸುಟ್ಟುಕೊಟ್ಳು. ನಾನು ಕಿಟಕಿ ಹತ್ರ ಕೂತಿದ್ದೆ..."

"ಅಪ್ಪಾ, ವಿಷಯಕ್ಕೆ ಬನ್ನಿ."

"ತುತ್ತು ಎದೆಯಲ್ಲೇ ನಿಂತ ಹಾಗಾಗತ್ತೆ."

"ಗಬಗಬ ತಿಂದ್ರೆ ಇನ್ನೇನಾಗತ್ತೆ? ಗ್ಯಾಸು. ಮಾತ್ರೆ ಹೆಸರು ಕಳಿಸ್ತೀನಿ."

"ಆಯ್ತು ಡಾಕ್ಟ್ರೇ," ಎಂದು ನಕ್ಕು ಇಟ್ಟರು.

ಚಳಿಗಾಲದಲ್ಲಿ ಇನ್ನೊಮ್ಮೆ ಹೇಳಿದರು. ಅವಳು ಮಾತ್ರೆ ಬದಲಾಯಿಸಿದಳು. ಇದೇ ಮಾತನ್ನು ಗುರುತು ಪರಿಚಯವಿಲ್ಲದ ಮುದುಕನೊಬ್ಬ ಹೇಳಿದ್ದರೆ ಮರುದಿನವೇ ಗಂಟಲೊಳಗೆ ಕ್ಯಾಮೆರಾ ಇಳಿಸಿ ನೋಡುತ್ತಿದ್ದಳು. ಆದರೆ ಅಪ್ಪ ರೋಗಿಯಲ್ಲವಲ್ಲ, ಅಪ್ಪ. ಅಪ್ಪಂದಿರು ಫೋನಿನಲ್ಲಿ ಏನಾದರೊಂದು ಹೇಳುತ್ತಲೇ ಇರುತ್ತಾರೆ. ಕೊನೆಗೆ ನೋಡಿಸಿದಾಗ ಗಡ್ಡೆ ಅನ್ನನಾಳವನ್ನು ಮುಚ್ಚಿ, ಯಕೃತ್ತಿಗೂ ಹಬ್ಬಿತ್ತು.

*

ಚಿತಾಗಾರದ ಸಭಾಂಗಣದಲ್ಲಿ ಕುರ್ಚಿಗಳು ಸಾಲದೆ ಜನ ಗೋಡೆಗೊರಗಿ ನಿಂತಿದ್ದರು. ಅಪ್ಪನ ಹಳೆಯ ವಿದ್ಯಾರ್ಥಿ, ಈಗಿನ ವಿಭಾಗದ ಮುಖ್ಯಸ್ಥ, ಮುಂದೆ ಬಂದು ಗಂಟಲು ಸರಿಮಾಡಿಕೊಂಡ.

"ನಮ್ಮ ಮೊದಲನೇ ಕ್ಲಾಸಲ್ಲೇ ಸರ್ ಹೇಳಿದ್ರು. ರೋಗಿ ತಡವಾಗಿ ಬಂದ ಅಂತ ಬರೆದು ಕೈತೊಳ್ಕೋಬೇಡಿ. ಅವನು ಬೇಗನೇ ಹೇಳಿರ್ತಾನೆ. ಯಾರು ಕೇಳಿಸ್ಕೊಳ್ಳಲಿಲ್ಲ ಅನ್ನೋದನ್ನ ವಿಚಾರಿಸಿ ಅಂತ."

ಮೊದಲ ಸಾಲಿನಲ್ಲಿ ಅಮ್ಮನ ಪಕ್ಕ ಕೂತಿದ್ದ ಮಗಳು ನೆಲ ನೋಡಿದಳು.

ಕೊನೆಯ ದರ್ಶನಕ್ಕೆ ಜನ ಸಾಲುಗಟ್ಟಿದಾಗ ಅವನು ತಾಯಿ-ಮಗಳ ಬಳಿ ಬಂದು ಮೆಲ್ಲಗೆ ಕೇಳಿದ: "ಸರ್‌ಗೆ ಮೊದಲೇ ಏನೂ ಗೊತ್ತಾಗಿರ್ಲಿಲ್ವಾ? ಯಾರಿಗೂ ಹೇಳಿರ್ಲಿಲ್ವಾ?"

ಮಗಳು ಬಾಯಿ ತೆರೆದಳು. ಅಷ್ಟರಲ್ಲಿ ಅಮ್ಮನ ಕೈ ಅವಳ ಮಣಿಕಟ್ಟನ್ನು ಬಿಗಿಯಾಗಿ ಹಿಡಿಯಿತು.

"ಇಲ್ಲಪ್ಪ," ಎಂದಳು ಅಮ್ಮ. "ಯಾರ ಹತ್ರಾನೂ ಬಾಯಿಬಿಡಲಿಲ್ಲ. ಅವರ ಸ್ವಭಾವ ನಿನಗೆ ಗೊತ್ತಲ್ಲ."

ಅವನು ತಲೆ ಆಡಿಸಿದ. ಅವನ ಮುಖದಲ್ಲಿ ದುಃಖದ ಜೊತೆಗೆ ಒಂದು ಬಗೆಯ ನಿರಾಶೆಯೂ ಇತ್ತು. "ಜೀವಮಾನವೆಲ್ಲ ಇದನ್ನೇ ಪಾಠ ಮಾಡಿ, ತಮ್ಮ ವಿಷಯಕ್ಕೆ ಬಂದಾಗ ಸರ್ ಹೀಗೆ ಮಾಡ್ಕೊಂಡ್ರಲ್ಲಮ್ಮ."

ಈಗಲಾದರೂ ಹೇಳಬಹುದಿತ್ತು. ಅಮ್ಮನ ಹಿಡಿತ ಸಡಿಲವಾಗಿತ್ತು. ಅವನು ಕಾಯುವವನಂತೆ ನಿಂತೇ ಇದ್ದ. ಮಗಳು, "ಬಂದಿದ್ದಕ್ಕೆ ಥ್ಯಾಂಕ್ಸ್," ಎಂದಳು. ಮಾತು ಅವನಿಂದ ಅವನ ಪಕ್ಕದವರಿಗೆ, ಅಲ್ಲಿಂದ ಸಾಲಿನುದ್ದಕ್ಕೂ ಹರಿಯಿತು. ಮೇಷ್ಟ್ರು ಯಾರಿಗೂ ಹೇಳಲಿಲ್ಲವಂತೆ. ಪಾಪ, ಎಷ್ಟು ಓದಿದ್ರೂ ಅಷ್ಟೇ. ಚಿತೆಯ ಕುಲುಮೆಯ ಕಬ್ಬಿಣದ ಬಾಗಿಲು ಮುಚ್ಚುವವರೆಗೂ ಆ ಪಿಸುಮಾತು ಅವಳ ಬೆನ್ನ ಹಿಂದೆಯೇ ಇತ್ತು.

ಕಾರಿನಲ್ಲಿ ಅವಳು ಕೇಳಿದಳು: "ಯಾಕಮ್ಮ ಹಾಗೆ ಹೇಳಿದೆ? ಅವರು ನನಗೆ ಹೇಳಿದ ಎರಡು ಸಲಾನೂ ನೀನು ಪಕ್ಕದಲ್ಲೇ ಇದ್ದೆ."

"ನಾನು ಹೇಳಿದ್ದಲ್ಲ. ಅವರೇ ಹೇಳಿಕೊಟ್ಟಿದ್ದು." ಅಮ್ಮ ಹೊರಗೆ ನೋಡುತ್ತಿದ್ದಳು. "ಆಸ್ಪತ್ರೆಗೆ ಸೇರಿಸಿದ ದಿನ. ಯಾರಾದ್ರೂ ಕೇಳಿದ್ರೆ ಅವರೇ ಮುಚ್ಚಿಟ್ರು ಅಂತ ಹೇಳು, ಮಗು ನಾಳೆ ಇನ್ನೊಬ್ಬರ ನಾಡಿ ಹಿಡೀಬೇಕು, ಕೈ ನಡುಗಬಾರದು ಅಂದ್ರು."

ಮಗಳು ಕಾರನ್ನು ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿದಳು. ಹಿಂದಿನವರು ಹಾರ್ನು ಹೊಡೆದು ಹೊಡೆದು, ಬಳಸಿಕೊಂಡು ಹೋದರು.

ಮನೆಗೆ ಬಂದಾಗ ಸಂಜೆಯಾಗಿತ್ತು. ಅಮ್ಮ ಚಪ್ಪಲಿ ಬಿಚ್ಚಲು ಬಗ್ಗಿದವಳು ಹಾಗೆಯೇ ನಿಂತಳು, ಅಂಗೈಯನ್ನು ಪಕ್ಕೆಲುಬಿನ ಕೆಳಗೆ ಒತ್ತಿಕೊಂಡು, ಉಸಿರು ಬಿಗಿಹಿಡಿದು.

"ಏನಾಗ್ತಿದೆ ಅಮ್ಮ? ಯಾವಾಗಿಂದ?"

"ಏನಿಲ್ಲ. ನೀನು ದಣಿದಿದೀಯ, ಹೋಗಿ ಮಲಕ್ಕೋ."

ಮಗಳು ಕುರ್ಚಿ ಎಳೆದುಕೊಂಡು ಎದುರಿಗೆ ಕೂತಳು. "ಹೇಳಮ್ಮ. ಮೊದಲಿಂದ ಹೇಳು. ನನಗೆ ಅವಸರ ಇಲ್ಲ."

ಅಮ್ಮ ನೆಟ್ಟಗೆ ನಿಂತಳು. ಶಾಲನ್ನು ಮುಂದಕ್ಕೆಳೆದು, ಪಕ್ಕೆಯ ಮೇಲಿದ್ದ ಕೈಯನ್ನು ಅದರೊಳಗೆ ಸೇರಿಸಿಕೊಂಡಳು.