ಜಂಬವ್ವನ ಹರಿಗೋಲು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆಂದು ಮನೆಯವರು ಈಗಲೂ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ ಬಿಡಿ. ಮೂಗಿನ ತುದಿಯ ಸಿಟ್ಟು ಎಲ್ಲರಿಗೂ ಕಾಣುತ್ತದೆ, ಅದರಿಂದ ಯಾರಿಗೂ ಕೇಡಿಲ್ಲ. ಜೀವಮಾನದಲ್ಲಿ ಒಂದೇ ಒಂದು ಸಲ ಸಿಟ್ಟನ್ನು ನುಂಗಿಕೊಂಡು ಬಾಯಿ ಮುಚ್ಚಿ ಕೂತೆ ನೋಡಿ, ಆಗ ಆಗಬಾರದ್ದು ಆಯಿತು.

ಮದ್ರಾಸು ಸರ್ಕಾರದ ಕಾಲ. ನಾನು ಕಂಪ್ಲಿಯಲ್ಲಿ ಎಂಟನೇ ಕ್ಲಾಸು. ನನ್ನ ಗೆಳತಿ ಜಂಬವ್ವ ಹೊಳೆಯ ಆಚೆ ದಂಡೆಯವಳು. ಆ ದಂಡೆ ನಿಜಾಮರದು, ಅಲ್ಲಿ ಶಾಲೆಯೆಂದರೆ ಉರ್ದು ಶಾಲೆ, ಅದೂ ದೂರ. ಅವಳು ಬೇಸಿಗೆಯಲ್ಲಿ ಹೊಳೆ ಹಾಯ್ದು ಬರುತ್ತಿದ್ದಳು, ಮಳೆಗಾಲದಲ್ಲಿ ಹರಿಗೋಲಿನಲ್ಲಿ. ಆ ವರ್ಷ ಹರಿಗೋಲು ಹಾಕುವ ಅಂಬಿಗ ಸಂಸಾರ ಕಟ್ಟಿಕೊಂಡು ಸೊಂಡೂರಿನ ಗಣಿ ಕೆಲಸಕ್ಕೆ ಹೋಗಿಬಿಟ್ಟ. ಹೊಸ ನೀರು ಬಂತೆಂದರೆ ಜಂಬವ್ವನ ಓದು ಮುಗಿಯಿತು. ಅವಳ ತಾತ ಮೂಕಣ್ಣ ಹಾಗಂತ ಹೇಳಿಯೂ ಆಗಿತ್ತು. ಅವನಿಗೆ ಹುಟ್ಟು ಹಾಕಲು ಬರುತ್ತಿತ್ತು, ಆದರೆ ಹರಿಗೋಲು ಕಟ್ಟಲು ಬರುತ್ತಿರಲಿಲ್ಲ.

ನಮ್ಮ ತೋಟಪ್ಪ ಮಾಸ್ತರು ವರ್ಷಕ್ಕೊಮ್ಮೆ ನಾಲ್ಕು ನಾಲ್ಕು ಮಂದಿಯ ಗುಂಪು ಮಾಡಿ ಒಂದು ಕೈಗೆಲಸ ಮಾಡಿಸುತ್ತಿದ್ದರು. ಉಳಿದವರು ಬುಟ್ಟಿ, ಹಗ್ಗ, ಚಾಪೆ ಅಂದರು. ಕ್ಲಾಸಿಗೇ ಮೊದಲಿಗನಾದ ಗವಿಸಿದ್ದಪ್ಪ ಎದ್ದು ನಿಂತು, "ನಾವು ಹರಿಗೋಲು ಕಟ್ತೀವ್ರಿ ಸಾರ್, ಜಂಬವ್ವಗ," ಅಂದ.

ಆ ಮಾತಿಗೆ ಅವನನ್ನು ಇಂದಿಗೂ ಮೆಚ್ಚುತ್ತೇನೆ. ಗುಂಪು ಆರಿಸಿದ್ದೂ ಅವನೇ. ಬಿದಿರು ಸೀಳಿ ಹೆಣೆಯಲು ಓಬಳೇಶ, ಅವನ ಅಪ್ಪ ದರೋಜಿ ಗುಡ್ಡದಿಂದ ಬಿದಿರು ತರುತ್ತಿದ್ದ. ಅದರಲ್ಲಿ ಕೂತು ಬರುವವಳು ಅವಳೇ ಎಂದು ಜಂಬವ್ವ. ಇನ್ನು ನಾನು, ಎರ್ರೆಮ್ಮ, ತೊಗಲಿಗೆ. ನಮ್ಮದು ತೊಗಲಿನ ಕೆಲಸದ ಮನೆ. ಶಾಲೆಯಲ್ಲಿ ನಾನು ಕೂರುತ್ತಿದ್ದದ್ದು ಬಾಗಿಲ ಹೊರಗಿನ ಜಗುಲಿಯ ಮೇಲೆ.

"ಯಾರಿಗೆ ಯಾವ ಕೆಲಸ ಗೊತ್ತೈತೋ, ಆ ಕೆಲಸಕ್ಕ ಅವರದ ಕಡೀ ಮಾತು," ಅಂದರು ಮಾಸ್ತರು. ಎಲ್ಲರೂ ಹೂಂ ಅಂದೆವು. ಹೂಂ ಅನ್ನಲು ಏನು ಖರ್ಚು?

ಹತ್ತು ದಿನದಲ್ಲಿ ಓಬಳೇಶ ಹೊಳೆಯ ದಂಡೆಯಲ್ಲಿ ಬಿದಿರಿನ ತಟ್ಟಿ ಹೆಣೆದು, ಸುತ್ತ ಅಂಚು ಕಟ್ಟಿ, ದೊಡ್ಡ ಬುಟ್ಟಿಯಂತೆ ನಿಲ್ಲಿಸಿದ. ಮಸ್ತಾಗಿತ್ತು. ನಮ್ಮಪ್ಪ ಪಾಲಪ್ಪ ಎರಡು ಎಮ್ಮೆ ತೊಗಲನ್ನು ನೀರಿನ ಗುಣಿಯಲ್ಲಿ ನೆನೆಹಾಕಿ ಕೊಟ್ಟ. ನಾನು ಹೊತ್ತುಕೊಂಡು ಹೋದೆ, ನೀರು ಬೆನ್ನ ಮೇಲೆ ಇಳಿಯುತ್ತಿತ್ತು. ಗವಿಸಿದ್ದಪ್ಪ ಮೂಗು ಮುಚ್ಚಿಕೊಂಡು ನಾಲ್ಕು ಹೆಜ್ಜೆ ಹಿಂದೆ ಸರಿದ.

"ಹಸೀ ತೊಗಲು ಮುಟ್ಟಿದ್ರ ನಮ್ಮವ್ವ ಮನ್ಯಾಗ ಸೇರಸಂಗಿಲ್ಲ. ಒಣಗಸು, ಗ್ವಾಮೂತ್ರ ಚಿಮುಕಸು. ಆಮ್ಯಾಲ ಹೊಲಿಯೂಣು."

"ಒಣಗಸಬೇಕಾ?" ಎಂದೆ.

"ಹೇಳಿದಷ್ಟು ಮಾಡು ನೀ."

ಹೇಳಿದಷ್ಟು! ಮೈಯೆಲ್ಲ ಉರಿದುಹೋಯಿತು. ಹಸಿ ಇದ್ದಾಗಲೇ ಎಳೆದು ಬಿಗಿದು ಹೊಲಿಯಬೇಕು, ಅದು ಒಣಗುತ್ತಾ ಹೊಲಿಗೆಯನ್ನು ತಾನೇ ಬಿಗಿ ಮಾಡಿಕೊಳ್ಳುತ್ತದೆ. ಒಣಗಿಸಿ ಹೊಲಿದರೆ ನೀರು ಸೋಕಿದ ಮೇಲೆ ಮೆತ್ತಗಾಗಿ ಹೊಲಿಗೆ ಬಾಯಿ ಬಿಡುತ್ತದೆ. ನಮ್ಮ ಮನೆಯ ಕೂಸಿಗೂ ಇದು ಗೊತ್ತು. ನನ್ನನ್ನು ಕೇಳಲಿಲ್ಲ, ನಾನು ಹೇಳಲಿಲ್ಲ. ಆಗಲಿ, ಗೊತ್ತಾಗಲಿ ಮಗನಿಗೆ ಅಂದುಕೊಂಡು ಮೂರು ದಿನ ಬಿಸಿಲಿಗೆ ಹರವಿದೆ, ಗೋಮೂತ್ರವನ್ನೂ ಚಿಮುಕಿಸಿದೆ, ತೊಗಲು ಚುಚ್ಚುವ ಆರಿಯಿಂದ ತೂತನ್ನೂ ಹಾಕಿಕೊಟ್ಟೆ. ಅವರು ಮೂವರೂ ಹಪ್ಪಳದಂತೆ ಸೆಟೆದ ತೊಗಲನ್ನು ಬಡಿದು ಬಗ್ಗಿಸಿ, ಬೆರಳು ಕೊಯ್ದುಕೊಂಡು ಹೊಲಿದರು. ಜಂಬವ್ವನ ಬೆರಳಲ್ಲಿ ರಕ್ತ ಬಂದಾಗ ಕೂಡ ನಾನು ಬಾಯಿ ಬಿಡಲಿಲ್ಲ. ಹಾಳು ಬಾಯಿ!

ಮೂಕಣ್ಣ ತಾತನನ್ನು ಕರೆಸಿದೆವು. ಹೊಳೆ ಇನ್ನೂ ಎದೆಮಟ್ಟ ಇತ್ತು. ತಾತ ಹುಟ್ಟು ಹಿಡಿದ, ಜಂಬವ್ವ ಪಾಟೀಚೀಲ ತೊಡೆಯ ಮೇಲಿಟ್ಟುಕೊಂಡು ಕೂತಳು. ಇಪ್ಪತ್ತು ಮಾರು ಹೋಗಿರಲಿಲ್ಲ, ಹೊಲಿಗೆ ಬಿಚ್ಚಿಕೊಂಡು ನೀರು ನುಗ್ಗಿತು. ಹರಿಗೋಲು ಒಂದು ಸುತ್ತು ತಿರುಗಿ ಕೂತೇಬಿಟ್ಟಿತು. ತಾತ ಮೊಮ್ಮಗಳನ್ನು ಹೆಗಲಿಗೆ ಹಾಕಿಕೊಂಡು ನಡೆದು ದಂಡೆಗೆ ಬಂದ.

"ಸಾಕವ್ವ ಸಾಲಿ. ಇರೋದು ಒಂದು ಮೊಮ್ಮಗಳು. ನಾಳಿಂದ ಬ್ಯಾಡ," ಅಂದ. ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ.

ಜಂಬವ್ವ ನೆನೆದ ಸೆರಗು ಹಿಂಡುತ್ತಾ ನನ್ನ ಹತ್ತಿರ ಬಂದು ಕೂತಳು. ಅಳುತ್ತಾಳೆ ಅಂದುಕೊಂಡರೆ ನನ್ನ ಕೈ ಹಿಡಿದುಕೊಂಡಳು. "ಭಾಳ ದುಡದೀಯಲೇ ಎರ್ರೀ ನನ್ನ ಸಲುವಾಗಿ. ನೋಡು, ಅಂಗೈ ಎಲ್ಲ ಗುಳ್ಳಿ ಎದ್ದಾವ."

ಅಯ್ಯೋ ಶಿವನೇ, ಅದಕ್ಕಿಂತ ಕೆನ್ನೆಗೆ ಎರಡು ಬಿಟ್ಟಿದ್ದರೆ ಆಗುತ್ತಿತ್ತು.

"ನನಗ ಗೊತ್ತಿತ್ತು!" ಎಂದು ಕಿರುಚಿದೆ. "ಒಣಗಿದ ತೊಗಲು ನಿಲ್ಲಂಗಿಲ್ಲ ಅಂತ ಗೊತ್ತಿತ್ತು. ಇವ ನನ್ನ ಕೇಳಲಿಲ್ಲ, ಅದಕ್ಕ ಹೇಳಲಿಲ್ಲ. ಬೇಕಂತ ಸುಮ್ಮನಿದ್ದೆ!"

ಜಂಬವ್ವ ನನ್ನ ಕೈ ಬಿಟ್ಟಳು. ಓಬಳೇಶ ಬಾಯಿ ತೆರೆದು ನೋಡುತ್ತಿದ್ದ. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತಿಯಲ್ಲಿ ಬರುವುದಿಲ್ಲ ಅಂತಾರಲ್ಲ, ಹಾಗಾಗಿತ್ತು ನನಗೆ. ಗವಿಸಿದ್ದಪ್ಪನ ಮುಖ ಕೆಂಪೇರಿತು, ಬಡಿಯುತ್ತಾನೆ ಅಂದುಕೊಂಡೆ. ಅವನು ನೀರಲ್ಲಿ ಬಿದ್ದಿದ್ದ ಹರಿಗೋಲಿನ ಕಡೆ ತಿರುಗಿದ.

"ಈಗ ಹೇಳು," ಅಂದ. "ನಾನು ಅವತ್ತೇ ಕೇಳಬೇಕಿತ್ತು. ಈಗ ಹೇಳು, ಏನು ಮಾಡೂಣು?"

"ಹೊಲಿಗಿ ಎಲ್ಲ ಬಿಚ್ಚಬೇಕು. ಎರಡು ದಿನ ನೆನಿಬೇಕು. ನಾಕೂ ಮಂದಿ ನಾಕು ಕಡಿ ನಿಂತು ಒಂದ ಸಮ ಎಳಿಬೇಕು. ಒಬ್ಬರು ಸಡಿಲ ಬಿಟ್ರೂ ಕೆಟ್ಟಂಗ. ಕೈ ಮೈಯೆಲ್ಲ ನಾರತೈತಿ ನೋಡು, ವಾರ ತೊಳದ್ರೂ ಹೋಗಂಗಿಲ್ಲ."

"ನಾರಲಿ ಬಿಡು," ಅಂದ ಗವಿಸಿದ್ದಪ್ಪ. ಜಂಬವ್ವ ನನ್ನ ಜೊತೆ ಮಾತಾಡಲಿಲ್ಲ, ಆದರೆ ಹರಿಗೋಲನ್ನು ದಂಡೆಗೆಳೆದ ಮೇಲೆ ಹೊಲಿಗೆ ಬಿಚ್ಚಲು ಮೊದಲು ಕೂತವಳು ಅವಳೇ. ಅಂದು ಸಂಜೆ ತಾತ ಅವಳನ್ನು ಕರೆದುಕೊಂಡು ಹೊಳೆ ಹಾಯ್ದು ಹೋದ.

ತೊಗಲು ಎಳೆಯುವ ದಿನ ಅವಳು ಬರಲಿಲ್ಲ, ಅವಳ ಮೂಲೆಗೆ ತೋಟಪ್ಪ ಮಾಸ್ತರೇ ಪಂಚೆ ಎತ್ತಿ ಕಟ್ಟಿ ನಿಂತರು. ನಾನು "ಎಳೀರಿ!" ಅಂದರೆ ಎಳೆಯುತ್ತಿದ್ದರು, "ತಡೀರಿ!" ಅಂದರೆ ತಡೆಯುತ್ತಿದ್ದರು. ಗವಿಸಿದ್ದಪ್ಪ ಎರಡು ಸಲ ಪಕ್ಕಕ್ಕೆ ಹೋಗಿ ವಾಂತಿ ಮಾಡಿಕೊಂಡು ಬಂದು ಮತ್ತೆ ಹಿಡಿದ. ಅವನವ್ವ ಆರು ದಿನ ದನದ ಹಟ್ಟಿಯಲ್ಲೇ ಊಟಕ್ಕೆ ಇಕ್ಕಿದಳಂತೆ. "ಎಮ್ಮಿ ಜೋಡಿ ಉಂಡ್ಯೇನೋ?" ಎಂದು ಓಬಳೇಶ ಕಾಡಿದರೆ ಅವನೂ ನಗುತ್ತಿದ್ದ. ತೊಗಲು ಒಣಗಿ ಡೋಲಿನಂತೆ ಬಿಗಿಯಿತು. ಹರಳೆಣ್ಣೆ ತಿಕ್ಕಿದೆವು. ಅಷ್ಟರಲ್ಲಿ ಹೊಳೆಗೆ ಹೊಸ ಮಳೆಯ ಕೆಂಪು ನೀರು ಬಂದಿತ್ತು.

ಓಬಳೇಶ ಹುಟ್ಟು ಹಾಕಿದ, ಮೂವರೂ ಆಚೆ ದಂಡೆಗೆ ಹೋದೆವು. ಮೂಕಣ್ಣ ತಾತ ದಂಡೆಯಲ್ಲಿ ಕೈಕಟ್ಟಿ ನಿಂತಿದ್ದ. ಹರಿಗೋಲನ್ನೂ ನೋಡಲಿಲ್ಲ, ಹುಡುಗರನ್ನೂ ನೋಡಲಿಲ್ಲ.

"ತೊಗಲು ನಿಂದಲ್ಲವ್ವ? ಅವತ್ತು ಗೊತ್ತಿದ್ದೂ ಸುಮ್ಮನಿದ್ದಾಕಿ ನೀನಽ ಅಲ್ಲ? ಇವತ್ತು ನೀನಽ ಹೇಳು. ನನ್ನ ಕೂಸನ್ನ ಕೂಡ್ರಸಲ್ಯಾ?"

ಕೂಡಿಸಿರಿ ಅಂದುಬಿಡಬಹುದಿತ್ತು. ಗುಡಿಸಲ ಬಾಗಿಲಲ್ಲಿ ಜಂಬವ್ವ ನಿಂತು ನನ್ನ ಬಾಯನ್ನೇ ನೋಡುತ್ತಿದ್ದಳು. ನಾನು ಹರಿಗೋಲಿಗೆ ಇಳಿದು ಒಂದೊಂದೇ ಹೊಲಿಗೆಯ ಮೇಲೆ ಬೆರಳಾಡಿಸಿದೆ. ಒಂದು ಕಡೆ, ಗೇಣುದ್ದ, ಬೆರಳಿಗೆ ತಂಪು ಹತ್ತಿತು.

"ಬ್ಯಾಡ ತಾತಾ," ಅಂದೆ. ಆ ಜಾಗಕ್ಕೆ ಬೆರಳಿಟ್ಟು ತೋರಿಸಿದೆ. "ಇಲ್ಲಿ ಒದ್ದಿ ಐತಿ. ಇವತ್ತು ಬ್ಯಾಡ."

ಗವಿಸಿದ್ದಪ್ಪ ತಲೆ ತಗ್ಗಿಸಿದ. ಜಂಬವ್ವ ಒಳಗೆ ಹೋಗಿಬಿಟ್ಟಳು. ತಾತ ಮಾತ್ರ ನನ್ನ ಮುಖ ನೋಡಿ, ಹರಿಗೋಲನ್ನು ದಂಡೆಗೆ ಎಳೆದು ಬೋರಲು ಹಾಕಿಸಿದ. ನನ್ನೆದುರು ಕುಕ್ಕರಗಾಲಲ್ಲಿ ಕೂತು, ಆ ಹಸಿ ತೊಗಲಿನ ಅಂಚನ್ನು ಎರಡೂ ಕೈಯಿಂದ ಬಿಗಿಯಾಗಿ ಎಳೆದು ಹಿಡಿದ.

"ಹೊಲಿ," ಅಂದ. "ಬ್ಯಾಡ ಅನ್ನಾಕ ಒಬ್ಬಾಕಿ ಅದಾಳಂದ್ರ, ನಾ ಕಳಸಾಕ ಯಾಕ ಅಂಜಲಿ?"

ಕಣ್ಣು ಮಂಜಾಗಿ, ಮಡಿಲಲ್ಲಿ ಕಟ್ಟಿಕೊಂಡು ಬಂದಿದ್ದ ಆರಿ ಕಾಣುತ್ತಿರಲಿಲ್ಲ. ಹೇಗೋ ಹೊಲಿದೆ, ಒಂದರ ಮೇಲೊಂದು ಎರಡು ಸಾಲು. ಕೊನೆಯ ಗಂಟು ಹಾಕುವ ತನಕ ಮುದುಕ ಕೈ ಸಡಿಲಿಸಲಿಲ್ಲ. ಆಮೇಲೆ ಗುಡಿಸಲ ಕಡೆ ತಿರುಗಿ ಕೂಗಿದ.

"ಜಂಬೀ, ಒಳಗ ಏನು ಅಳತೀಯವ್ವ? ನಾಳಿಗೆ ಪಾಟೀಚೀಲ ತಯಾರ ಇಡು, ಸಾಲಿಗೆ ಹೊತ್ತಾಗತೈತಿ."